ಬೋರ್ ಹೊಸದು, ಹೋಸ್ ಹಳೆಯದು

ಪುಟ್ಟ ಲೋಡರ್ ಹೊಗೆ ಉಗುಳತೊಡಗಿತೆಂದರೆ ನಮ್ಮ ಗ್ಯಾರೇಜುಗಳಲ್ಲಿ ಮೊದಲು ಬರುವ ಮಾತು, “ಬೋರ್‌ಗೆ ಬಂದಿದೆ, ಇಳಿಸಬೇಕು.” ಎಂಜಿನ್ ಇಳಿಯುತ್ತದೆ, ಬ್ಲಾಕ್ ಲೇತಿಗೆ ಹೋಗುತ್ತದೆ, ಹೊಸ ಪಿಸ್ಟನ್, ರಿಂಗು, ಬೇರಿಂಗು ಕೂರುತ್ತವೆ. ಆ ಕೈಕೆಲಸದ ಬಗ್ಗೆ ನನಗೆ ತಕರಾರಿಲ್ಲ. ರಿಂಗಿನ ಬಾಯಿಗಳು ಒಂದೇ ಸಾಲಿಗೆ ಬಾರದಂತೆ ಕೂರಿಸುವ, ಬೋರ್ ಅಳತೆಯನ್ನು ಮತ್ತೆ ಮತ್ತೆ ನೋಡುವ ಒಳ್ಳೆಯ ಮೆಕ್ಯಾನಿಕ್‌ಗಳ ಶಿಸ್ತು ಮೆಚ್ಚುವಂಥದ್ದೇ. ತಕರಾರಿರುವುದು ಅದಕ್ಕೂ ಹಿಂದಿನ ಹೆಜ್ಜೆಯ ಬಗ್ಗೆ: ಎಂಜಿನ್ ಯಾಕೆ ಸವೆಯಿತೆಂದು ಕೇಳದೆಯೇ ಸ್ಪ್ಯಾನರ್ ಎತ್ತುವುದು.

ಈ ಲೋಡರ್ ಧೂಳಿನಲ್ಲೇ ದುಡಿಯುವ ಯಂತ್ರ. 1957ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಕೆಲ್ಲರ್ ಸಹೋದರರು ಇದರ ಮೊದಲ ರೂಪವನ್ನು ಕಟ್ಟಿದ್ದೇ ಟರ್ಕಿ ಕೋಳಿಗಳ ಕೊಟ್ಟಿಗೆಯ ಗೊಬ್ಬರ ಬಾಚಲು. ಇಲ್ಲಿ, ಯಾವ ಕಂಪನಿಯದಾದರೂ ‘ಬಾಬ್‌ಕ್ಯಾಟ್’ ಎನಿಸಿಕೊಂಡು, ಅದು ರಸ್ತೆ ಕಾಮಗಾರಿಯಲ್ಲಿ, ಕೆಡವಿದ ಕಟ್ಟಡದ ಮಣ್ಣು ತುಂಬುವಲ್ಲಿ ಓಡಾಡುತ್ತದೆ. ಏರ್ ಕ್ಲೀನರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಸೋಸದ ಧೂಳು ಒಳಸೇರಿ ಎಣ್ಣೆಯೊಂದಿಗೆ ಬೆರೆತು, ವಾಲ್ವ್‌ಗೆ ಹಚ್ಚುವ ಗ್ರೈಂಡಿಂಗ್ ಪೇಸ್ಟಿನಂತೆ ರಿಂಗು, ಬೋರ್ ಎರಡನ್ನೂ ಉಜ್ಜಿ ತಿನ್ನುತ್ತದೆ. ಮೊದಲು ಹೋಗುವುದು ಮೇಲಿನ ರಿಂಗು. ಆ ಹೋಸನ್ನು ಬಿಚ್ಚಿ, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒಳಗೋಡೆ ಒರೆಸಿ. ಬಟ್ಟೆಗೆ ಕಂದು ಗೆರೆ ಮೂಡಿತೋ, ಕಾರಣ ಕೈಗೆ ಸಿಕ್ಕಂತೆ. ಇಷ್ಟು ಸಣ್ಣ ಕೆಲಸ ಬಹಳ ಕಡೆ ನಡೆಯುವುದೇ ಇಲ್ಲ. ಹೊಸ ಬೋರ್‌ಗೆ ಅದೇ ಹೋಸು, ಅದೇ ಸಡಿಲ ಕ್ಲಾಂಪು ಮತ್ತೆ ಜೋಡಣೆಯಾಗುತ್ತವೆ. ಕಂಪ್ರೆಸರ್ ಗಾಳಿ ಹೊಡೆದು ಹೊಡೆದು ಕಾಗದ ಹರಿದ ಫಿಲ್ಟರೂ ಜೊತೆಗೆ.

ಬಿಚ್ಚುವ ಮೊದಲು ನೋಡಬೇಕಾದದ್ದು ಇನ್ನೂ ಇದೆ. ಹೈಡ್ರಾಲಿಕ್ ಪಂಪುಗಳನ್ನು ತಿರುಗಿಸುವುದು ಎಂಜಿನ್ನೇ. ಅಲ್ಲೆಲ್ಲೋ ವಾಲ್ವ್ ಸಿಕ್ಕಿಕೊಂಡು ಹೊರೆ ಹೇರುತ್ತಿದ್ದರೆ ಗಟ್ಟಿ ಎಂಜಿನ್ನೂ ಕಸುವಿಲ್ಲದ್ದಾಗಿ ಕಾಣುತ್ತದೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೂ ಅಷ್ಟೇ. ಬ್ರೀದರ್‌ನಲ್ಲಿ ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿದ್ದರೂ ಸಿಲಿಂಡರ್ ಸಿಲಿಂಡರ್‌ಗೆ ಕಂಪ್ರೆಷನ್ ಗೇಜ್ ಹಾಕಲೇಬೇಕು. ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ನೂ ಒಟ್ಟಿಗೆ ಇಳಿದಿದ್ದರೆ ಧೂಳಿನ ಸವೆತದ ಅನುಮಾನ ಬಲವಾಗುತ್ತದೆ. ಅಕ್ಕಪಕ್ಕದ ಎರಡರದ್ದೇ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಹಾಗಿದ್ದಾಗ ಪೂರಾ ಎಂಜಿನ್ ಇಳಿಸುವುದು ಮಾಲೀಕನ ದುಡ್ಡಿಗೆ ಮಾಡುವ ಅನ್ಯಾಯ.

ನನಗೆ ಎಲ್ಲಕ್ಕಿಂತ ನೋವಾಗುವುದು ಹಳೇ ಭಾಗಗಳು ನೇರ ಗುಜರಿಗೆ ಹೋಗುವುದನ್ನು ಕಂಡಾಗ. ಸಾಕ್ಷಿ ಇರುವುದೇ ಅವುಗಳಲ್ಲಿ. ಬೇರಿಂಗಿನ ಮೈಯಲ್ಲಿ ಮರಳಿನ ಕಣ ಹೂತಿದ್ದರೆ ಎಣ್ಣೆಗೆ ಕೊಳೆ ಸೇರಿದೆ. ಪಿಸ್ಟನ್ ಸುತ್ತಲೂ ಗೀಚಿದ್ದರೆ ಎಂಜಿನ್ ಕಾದಿದೆ. ರೇಡಿಯೇಟರ್ ಸಂದುಗಳಲ್ಲಿ ಧೂಳೂ ಎಣ್ಣೆಯೂ ಹೆಪ್ಪುಗಟ್ಟಿವೆಯೇ ನೋಡಬೇಕು. ಪಿಸ್ಟನ್ ತಲೆ ಒಂದೇ ಕಡೆ ಕರಗಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಅದನ್ನು ಪರೀಕ್ಷೆಗೆ ಕಳಿಸದೆ ಹೊಸ ಪಿಸ್ಟನ್ ಹಾಕಿದರೆ ಅದೂ ಕರಗುತ್ತದೆ.

ತಪ್ಪು ಗ್ಯಾರೇಜಿನದಷ್ಟೇ ಅಲ್ಲ. ಗಾಡಿ ನಿಂತ ದಿನ ಬಾಡಿಗೆ ಇಲ್ಲ. ಮಾಲೀಕರು ಅವಸರಿಸುತ್ತಾರೆ, ಅವಸರದಲ್ಲಿ ಪರೀಕ್ಷೆಯೇ ಮೊದಲು ಬಿಟ್ಟುಹೋಗುತ್ತದೆ. ಬಿಲ್ಲಿನಲ್ಲಿ ಪಿಸ್ಟನ್ ಸೈಜಿನ ಜೊತೆಗೆ, ಎಂಜಿನ್ ಕೆಟ್ಟ ಕಾರಣವನ್ನೂ ಒಂದು ಸಾಲು ಬರೆದುಕೊಡಿ ಎಂದು ಅವರು ಪಟ್ಟು ಹಿಡಿಯಬೇಕು. ಹಳೇ ಬೇರಿಂಗುಗಳನ್ನು ಕೇಳಿ ಪಡೆಯಬೇಕು. ಕೊಡಲು ಒಪ್ಪದ ಗ್ಯಾರೇಜಿಗೆ ಎಂಜಿನ್ ಬಿಡಬಾರದು.