ಕೆಳಗಿನ ರುಜು, ನಡುವಿನ ಸಾಲು

ಹಳೆಯ ಕಾಗದಗಳನ್ನು ಕೂಡಿಡುವ ಹವ್ಯಾಸ ನಮ್ಮಲ್ಲಿ ಹೊಸದಲ್ಲ. ಆದರೆ ಕಾಗದಕ್ಕೆ ಒಬ್ಬ ಅರಸನ ರುಜುವೋ ಮೊಹರೋ ಇರಲೇಬೇಕು, ಇಲ್ಲವಾದರೆ ಅದು ಬರಿಯ ರದ್ದಿ ಎಂಬ ಎಣಿಕೆ ಈಚೆಗೆ ಬಲವಾಗಿ ಬೇರೂರಿದೆ. ಜಿಲ್ಲಾ ಉತ್ಸವಗಳ ಮಳಿಗೆಗಳಲ್ಲಿ, ಸಮ್ಮೇಳನಗಳ ಪ್ರದರ್ಶನಗಳಲ್ಲಿ ಗಾಜಿನ ಕೆಳಗೆ ಮಲಗಿಸಿದ ಸನ್ನದುಗಳನ್ನು ನಾನು ಬಹಳ ನೋಡಿದ್ದೇನೆ. ಪಕ್ಕದಲ್ಲಿ ಒಂದು ಚೀಟಿ ಇರುತ್ತದೆ: ಇಂಥ ಮಹಾರಾಜರ ಸ್ವಹಸ್ತದ ರುಜು. ಕಾಗದದಲ್ಲಿ ಏನು ಬರೆದಿದೆ, ಯಾರಿಗೆ ಬರೆದದ್ದು, ಯಾವ ಊರಿನ ಯಾವ ಹೊಲದ ಮಾತು ಎಂಬುದನ್ನು ಚೀಟಿ ಹೇಳುವುದಿಲ್ಲ. ಕೇಳಿದರೆ, ‘ಅದನ್ನ ಓದೋರು ಯಾರೂ ಸಿಗಲಿಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ಓದದೆಯೇ ಬೆಲೆ ಕಟ್ಟಬಹುದಾದ ಬರಹ ಬಹುಶಃ ಇದೊಂದೇ ಇರಬೇಕು.

2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹೋಯಿತು. ಅಲ್ಲಿ ಬೆಲೆ ಬಂದದ್ದು ಉಕ್ಕಿಗಲ್ಲ, ಅದನ್ನು ಹಿಡಿದಿದ್ದ ಕೈಗೆ. ಖಡ್ಗದ ಮಟ್ಟಿಗೆ ಇದನ್ನು ಒಪ್ಪಬಹುದು, ಅದಕ್ಕೆ ಹೇಳಬೇಕಾದ ಬೇರೆ ಮಾತಿಲ್ಲ. ಕಾಗದದ ವಿಷಯ ಹಾಗಲ್ಲ. ಅದಕ್ಕೆ ಬಾಯಿದೆ. ಅದರ ಬಾಯಿ ಕಟ್ಟಿ, ಹೆಬ್ಬೆಟ್ಟನ್ನು ಮಾತ್ರ ಪೂಜಿಸುವ ಕ್ರಮದ ಬಗ್ಗೆ ನನಗೆ ತಕರಾರಿದೆ.

ಮೊದಲನೆಯ ತಕರಾರು ಚರಿತ್ರೆಯದೇ. ನಮ್ಮ ಅರಸರಲ್ಲಿ ಅನೇಕರು ಶಾಸನಗಳ ಕೆಳಗೆ ತಮ್ಮ ಹೆಸರನ್ನು ಬರೆದವರೇ ಅಲ್ಲ. ವಿಜಯನಗರದ ತಾಮ್ರಪಟಗಳು ನಂದಿನಾಗರಿ ಲಿಪಿಯಲ್ಲಿ ಸಂಸ್ಕೃತ ಹಾಡಿ, ಕೊನೆಯಲ್ಲಿ ಮಾತ್ರ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಮುಗಿಯುತ್ತವೆ. ಅದೇ ಅರಸನ ಒಪ್ಪಿಗೆ. ಕೆಳದಿಯ ನಾಯಕರ ಒಪ್ಪ ‘ಶ್ರೀ ಸದಾಶಿವ’. ಮೈಸೂರಿನ ಅರಸರು ‘ಶ್ರೀಕೃಷ್ಣ’ ಎಂದು ಬರೆದರು. ಹೈದರಾಲಿಗೆ ಓದು ಬರಹ ಇರಲಿಲ್ಲ. ಹೆಸರಿನ ಮೊದಲ ಅಕ್ಷರವನ್ನಷ್ಟೇ, ಅದನ್ನೂ ತಲೆಕೆಳಗಾಗಿ ಗೀಚುತ್ತಿದ್ದನೆಂದು ಅವನ ಚರಿತ್ರೆ ಬರೆದವರು ಹೇಳಿದ್ದಾರೆ. ಟಿಪ್ಪುವಿಗೆ ಓದು ಬರಹ ಚೆನ್ನಾಗಿ ಬರುತ್ತಿತ್ತು. ತನ್ನ ಕನಸುಗಳನ್ನು ಸ್ವಂತ ಕೈಯಿಂದ ಪಾರಸಿಯಲ್ಲಿ ಬರೆದಿಟ್ಟಿದ್ದ, ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಂಥವನೂ ಆಜ್ಞೆಗಳಿಗೆ ಹಾಕುತ್ತಿದ್ದ ಅಂಕಿತ ತನ್ನ ಹೆಸರಲ್ಲ, ಪ್ರವಾದಿಯೇ ಒಡೆಯನೆಂಬ ಅರ್ಥದ ‘ನಬಿ ಮಾಲಿಕ್’. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಅರಸನ ಖಾಸಾ ಗುರುತನ್ನು ಹುಡುಕುತ್ತ ಹೊರಟ ಸಂಗ್ರಾಹಕನಿಗೆ ಸಿಗುವುದು ಹೆಚ್ಚಾಗಿ ದೇವರ ಹೆಸರು. ಆಳುವವನು ತಾನು ಹಿಂದೆ ಸರಿದು ದೇವರನ್ನು ಸಾಕ್ಷಿಗೆ ನಿಲ್ಲಿಸಿದ ಜಾಗದಲ್ಲಿ ನಾವು ಆಳುವವನನ್ನೇ ಎಳೆದು ತಂದು ಕೂರಿಸುತ್ತಿದ್ದೇವೆ.

ಇದಕ್ಕಿಂತ ಹಳೆಯ ಪಾಠ ನಮ್ಮ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಬಂಡೆಯ ಮೇಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆಯೆಂದು 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ. ಅವು ಈ ನಾಡಿನಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಸರ್ಕಾರಿ ಆದೇಶಗಳ ಸಾಲಿಗೆ ಸೇರಿದವು. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸುತ್ತೋಲೆ ಅದು. ಮೊದಲು ಯೋಗಕ್ಷೇಮ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ. ಅದರಲ್ಲಿ ಅಶೋಕ ಎಂಬ ಹೆಸರೇ ಇಲ್ಲ, ‘ದೇವಾನಾಂಪಿಯ’ ಎಂದಷ್ಟೇ ಇದೆ. ಆ ಬಿರುದಿನವನು ಅಶೋಕನೇ ಎಂದು ಖಚಿತವಾಗಲು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಇನ್ನೊಂದು ಬಂಡೆ ಸಿಗಬೇಕಾಯಿತು. ಆದರೆ ಬ್ರಹ್ಮಗಿರಿಯ ಬಂಡೆಯ ಕೊನೆಯಲ್ಲಿ ಒಬ್ಬನ ಹೆಸರು ಸ್ಪಷ್ಟವಾಗಿದೆ: ಇದನ್ನು ಬರೆದ ಚಪಡ. ತಾನು ಲಿಪಿಕಾರ ಎಂಬ ಮಾತನ್ನು ಅವನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ, ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದ. ಸಾಮ್ರಾಟನ ಹೆಸರು ಉಳಿಯದ ಕಡೆ ಗುಮಾಸ್ತನ ರುಜು ಉಳಿಯಿತು. ನನಗೆ ಇದು ಬರಿಯ ಆಕಸ್ಮಿಕವಾಗಿ ಕಾಣುವುದಿಲ್ಲ. ದಾಖಲೆ ಎಂಬುದರ ಸ್ವಭಾವವೇ ಅದು. ಆಜ್ಞೆ ಅರಸನದು, ಬರಹ ಬರೆದವನದು, ಬದುಕು ಆಜ್ಞೆ ಯಾರ ಮೇಲೆ ಬಿತ್ತೋ ಅವರದು.

ಎರಡನೆಯ ತಕರಾರು ಸಂಗ್ರಹಗಳ ಬಗ್ಗೆ. ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಇಬ್ಬರು ಇಂಗ್ಲಿಷ್ ಕಂಪನಿಯ ಅಧಿಕಾರಿಗಳು ನಮ್ಮ ನಾಡಿನ ಕಾಗದಗಳಿಗೆ ಕೈ ಹಾಕಿದರು. ಒಬ್ಬ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಕ್ಕ ಟಿಪ್ಪುವಿನ ಪತ್ರಗಳಿಂದ ಆಯ್ದು, ಇಂಗ್ಲಿಷಿಗೆ ತಿರುಗಿಸಿ, 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಪತ್ರಗಳಲ್ಲಿ ತಾನು ಹುಡುಕಿದ್ದು ಸುಲ್ತಾನನ ಗುಣಸ್ವಭಾವವನ್ನು ಎಂಬುದನ್ನು ಅವನು ಮುಚ್ಚಿಡಲಿಲ್ಲ. ಆ ಸ್ವಭಾವ ಕ್ರೂರವೆಂಬ ತೀರ್ಮಾನವೂ ಮುನ್ನುಡಿಯಲ್ಲೇ ಇದೆ. ಆದರೆ ಅದೇ ಪುಸ್ತಕದಲ್ಲಿ ಬಂಗಾಳದಿಂದ ರೇಷ್ಮೆಹುಳು ತರಿಸಿ ಸಾಕಿಸುವ ಬಗ್ಗೆ ಬರೆದ ಪತ್ರವೂ ಇದೆ. ಮೈಸೂರು ಸೀಮೆಯ ರೇಷ್ಮೆಯ ಚರಿತ್ರೆ ಬರೆಯುವವನಿಗೆ ಆ ಒಂದು ಪತ್ರ ಸಾಕು, ಸುಲ್ತಾನನ ಸ್ವಭಾವ ಬೇಕಿಲ್ಲ. ವ್ಯಕ್ತಿಯನ್ನು ಹುಡುಕಿದ ಕರ್ಕ್‌ಪ್ಯಾಟ್ರಿಕ್‌ಗೆ ನಾಡು ಕಾಣಲಿಲ್ಲ.

ಇನ್ನೊಬ್ಬ ಕಾಲಿನ್ ಮೆಕೆಂಜಿ. ಮೈಸೂರು ಸೀಮೆಯನ್ನು ಅಳೆಯಲು ಬಂದವನು ಊರೂರಿನಲ್ಲಿ ಕೇಳಿ ಬರೆಸಿಕೊಂಡ ಕೈಫಿಯತ್ತುಗಳನ್ನು ಗಾಡಿಗಟ್ಟಲೆ ಕೂಡಿಸಿದ. ಕೆಲಸ ಮಾಡಿದವರು ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಮುಂತಾದ ನಮ್ಮವರೇ. ಕೈಫಿಯತ್ತಿಗೆ ಅರಸನ ರುಜು ಇರುವುದಿಲ್ಲ. ಅದು ಊರಿನ ಶಾನುಭೋಗನೋ ಹಿರಿಯನೋ ಹೇಳಿದ ಮಾತು. ಕೆರೆ ಯಾರು ಕಟ್ಟಿಸಿದರು, ಪಾಳೆಯಗಾರ ಯಾವಾಗ ಓಡಿದ, ಗುಡಿಗೆ ಎಷ್ಟು ಭೂಮಿ, ಇಂಥವು. ಹೇಳಿದವನ ಹಮ್ಮು, ಮರೆವು, ಕಟ್ಟುಕತೆ ಎಲ್ಲ ಅದರಲ್ಲಿ ಬೆರೆತಿವೆ. ಆದರೂ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಪ್ರಕಟಿಸಿದಾಗ, ಹಳ್ಳಿಯ ಮೇಷ್ಟರೊಬ್ಬ ತನ್ನ ಊರಿನ ಹೆಸರನ್ನು ಹುಡುಕಿ ಓದಬಹುದಾದ ಪುಸ್ತಕ ನಮಗೆ ಸಿಕ್ಕಿತು. ಕರ್ಕ್‌ಪ್ಯಾಟ್ರಿಕ್‌ನ ಪುಸ್ತಕದಲ್ಲಿ ಅಂಥ ಹುಡುಕಾಟಕ್ಕೆ ಎಡೆ ಕಡಿಮೆ.

ರುಜು ಇರುವ ಪತ್ರ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. 1916ರಲ್ಲಿ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪುವಿನ ಕನ್ನಡ ಪತ್ರಗಳ ಕಟ್ಟನ್ನು ಬೆಳಕಿಗೆ ತಂದಾಗ ನಮ್ಮ ತಿಳಿವಳಿಕೆಯೇ ಬದಲಾಯಿತು. 1791ರಲ್ಲಿ ಮರಾಠರ ದಂಡು ಮಠವನ್ನು ಲೂಟಿ ಮಾಡಿದ ಮೇಲೆ ಬರೆದ ಪತ್ರಗಳೂ ಅದರಲ್ಲಿವೆ. ಆದರೆ ಅವು ಬೆಲೆಯುಳ್ಳವಾದದ್ದು ಅಂಕಿತದಿಂದಲ್ಲ. ಬಿದನೂರಿನ ಆಸಫನಿಗೆ ಏನು ಆಜ್ಞೆಯಾಯಿತು, ಮಠಕ್ಕೆ ಎಷ್ಟು ಹಣ, ಎಷ್ಟು ದವಸ ಎಂಬ ನಡುವಿನ ಸಾಲುಗಳಿಂದ. ಜೊತೆಗೆ ಆ ಕಟ್ಟು ತಾನು ಬಂದು ಸೇರಿದ ಮನೆಯಲ್ಲೇ, ಇದ್ದ ಹಾಗೇ ಇತ್ತು. ಒಂದೊಂದೇ ಹಾಳೆ ಒಂದೊಂದು ಹರಾಜಿಗೆ ಹೋಗಿದ್ದರೆ ಅದರ ಕತೆಯನ್ನು ಯಾರೂ ಜೋಡಿಸಲಾಗುತ್ತಿರಲಿಲ್ಲ.

ಇಷ್ಟೆಲ್ಲ ಹೇಳಲು ಕಾರಣ ನಮ್ಮ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ರಾಸುಗಳ ಸಾಕಣೆಗೆ ಹುಕುಂನಾಮೆ ಹೊರಡಿಸಿದ. ಅದರ ಬಹುಪಾಲು ಕಟ್ಟಳೆಗಳನ್ನು ಆಮೇಲೆ ಇಂಗ್ಲಿಷರೂ ಪಾಲಿಸಿದರು. ಬೇಸಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಕಾವಲುಗಳನ್ನು ವಿಂಗಡಿಸಿ, ದನದ ಹಿಂಡನ್ನು ನಡೆಸಿಕೊಂಡು ಹೋಗುತ್ತಿದ್ದರು. 1860ರಲ್ಲಿ ಖರ್ಚು ಉಳಿಸಲೆಂದು ಇಲಾಖೆಯನ್ನು ಮುಚ್ಚಿ ರಾಸುಗಳನ್ನು ಮಾರಿದರು, ಕೆಲವೇ ವರ್ಷಗಳಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. ಈ ಹುಕುಂನಾಮೆಯ ಹಾಳೆಯೊಂದು ಅಂಕಿತ ಸಮೇತ ಇಂದು ಸಿಕ್ಕರೆ ಸಂಗ್ರಾಹಕರು ಮುಗಿಬೀಳುತ್ತಾರೆ. ಆದರೆ ಅದು ಯಾರ ಪರ ಸಾಕ್ಷಿ ಹೇಳುತ್ತದೆ ಎಂದು ಯೋಚಿಸಬೇಕು. ಕಾವಲು ಅರಮನೆಯದು, ಅದರ ಹುಲ್ಲು ದಂಡಿನ ಎತ್ತುಗಳಿಗೆ ಎಂದು ಅದು ಹೇಳೀತು. ಆಚೀಚೆ ಹಟ್ಟಿಗಳ ಕಾಡುಗೊಲ್ಲರು, ಮ್ಯಾಸನಾಯಕರು, ಅವರ ಕುರಿಗಳು, ಕಿಲಾರಿ ಕಾಯುವ ದೇವರ ಎತ್ತುಗಳು ಆ ಹುಲ್ಲಿನಲ್ಲಿ ಎಷ್ಟು ಕಾಲದಿಂದ ಮೇದವು ಎಂಬುದು ಅರಸನ ಕಾಗದಕ್ಕೆ ಬೇಕಾದ ಮಾತಲ್ಲ. ಅದನ್ನು ಹುಡುಕಬೇಕಾದದ್ದು ಶಾನುಭೋಗನ ಲೆಕ್ಕದಲ್ಲಿ: ಹುಲ್ಲುಬನ್ನಿ ಯಾರು ಕಟ್ಟಿದರು, ಕಾವಲಿನ ಎಲ್ಲೆಕಲ್ಲು ಯಾವ ಹಳ್ಳದ ಪಕ್ಕ ಇತ್ತು, ದನ ಹಾಯುವ ದಾರಿ ಯಾವ ಊರಿನ ಹಿಂದೆ.

2010ರ ಹೊತ್ತಿಗೆ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವುಗಳಿಗೆ ಕೊಟ್ಟಾಗ ಈ ಮಾತು ಪುಸ್ತಕದ ಮಾತಾಗಿ ಉಳಿಯಲಿಲ್ಲ. ವರವು ಕಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ ಹೋಯಿತು, 2017ರ ಮೇ 28ರಂದು ಅಲ್ಲಿ ವಿಮಾನ ಪರೀಕ್ಷಾ ನೆಲೆಯ ಉದ್ಘಾಟನೆಯಾಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೋದ ರೆಕ್ಕೆಯ ವಾಹನ ತಾನೇ ತಾನಾಗಿ ಬಂದಿಳಿದದ್ದೂ ಅದೇ ನೆಲದ ಮೇಲೆ. ಆ ವಿಜ್ಞಾನವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಬೇಲಿ ಎದ್ದಾಗ ಹಳ್ಳಿಯವರು ಕಚೇರಿಗಳಿಗೆ ಅಲೆದರು, ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, ಕೊನೆಗೆ ಯೋಜನೆಗಳು ಮುಂದುವರಿದವು. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಒಂದೇ, ‘ನಿಮ್ಮತ್ರ ಏನೈತೆ ಕಾಗದ?’ ತಲೆಮಾರುಗಳಿಂದ ಮೇಯಿಸಿದವರ ಹತ್ತಿರ ಮೇಯಿಸಿದ್ದೇ ಕಾಗದ. ಅವರ ಪರವಾಗಿ ಮಾತಾಡಬಹುದಾಗಿದ್ದ ಹಾಳೆಗಳು ಎಲ್ಲಿದ್ದವು?

ಎಲ್ಲಿದ್ದವು ಎಂಬುದರ ಒಂದು ತುಣುಕನ್ನು ನಾನು ಕಣ್ಣಾರೆ ಕಂಡಿದ್ದೇನೆ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋದ ಮೇಲೆ ಎಷ್ಟೋ ಮನೆಗಳ ಅಟ್ಟದ ಮೇಲೆ ಟ್ರಂಕುಗಳು ಉಳಿದವು. ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಅಂಥದೊಂದು ಟ್ರಂಕು ನೋಡಲು ನಾನು ಹೋಗುವ ಹೊತ್ತಿಗೆ ಪಟ್ಟಣದ ವ್ಯಾಪಾರಿಯೊಬ್ಬ ಬಂದು ಹೋಗಿದ್ದ. ಮನೆಯ ಹಿರಿಯರು ಬೇಸರವೇನೂ ಇಲ್ಲದೆ ಹೇಳಿದರು: ‘ಮುದ್ರೆ ಇರೋದೆಲ್ಲ ತಗೊಂಡು ಹೋದ್ರು ಮೇಷ್ಟ್ರೇ. ಬರೀ ಲೆಕ್ಕ ಇರೋದನ್ನ ಬಿಟ್ಟು ಹೋದ್ರು.’ ಬಿಟ್ಟದ್ದು ಮಳೆಗೆ ನೆನೆದು, ಅರ್ಧ ಗೆದ್ದಲಿಗೆ ಹೋಗಿತ್ತು. ಕೆಲವು ಮೋಡಿ ಲಿಪಿಯಲ್ಲಿದ್ದವು, ಓದಿಸಲು ಆಳಿರಲಿಲ್ಲ. ಒಂದು ಕಡತವೂ ಇತ್ತು. ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯನ್ನು ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಕೈ ತಾಗಿದರೆ ಅಕ್ಷರ ಅಳಿಯುತ್ತದೆ. ಅದರಲ್ಲಿ ರುಜುವಿಲ್ಲ, ಹೆಸರುಗಳ ಸಾಲು, ಮುಂದೆ ಕುರಿಯ ಲೆಕ್ಕ.

ಸಂಗ್ರಾಹಕರನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟುವುದು ಅನ್ಯಾಯ. ದುರ್ಗದ ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ತಿರುಗಿ ಓಲೆ, ಕಡತ, ಕಾಗದಗಳನ್ನು ಕೂಡಿಸದಿದ್ದರೆ ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯ ಬಹುಭಾಗ ನಮಗೆ ದಕ್ಕುತ್ತಿರಲಿಲ್ಲ. ಅವರಿಗೆ ಕಾಗದ ಓದುವ ವಸ್ತುವಾಗಿತ್ತು. ಸರ್ಕಾರದ ಕಾನೂನೂ ಈ ಬಗ್ಗೆ ಕುರುಡಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಚಾರಿತ್ರಿಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ತುಂಬಿದರೆ ಅವನ್ನು ಪ್ರಾಚ್ಯವಸ್ತುವೆಂದು ಎಣಿಸುತ್ತದೆ, ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಆದರೆ ಕಾಗದ ದೇಶ ಬಿಡದಿದ್ದರೆ ಸಾಲದು. ಮುದ್ರೆಯ ಹಾಳೆ ಬೆಂಗಳೂರಿನ ಒಂದು ಗೋಡೆಯ ಮೇಲೆ, ಅದರ ಜೊತೆಯ ಲೆಕ್ಕ ಹಳ್ಳಿಯ ಒಲೆಯೊಳಗೆ ಎಂದಾದರೆ ದೇಶದೊಳಗೇ ಅದು ಹಾಳಾದಂತೆ.

ಆದ್ದರಿಂದ ಈ ಹವ್ಯಾಸವುಳ್ಳ ಗೆಳೆಯರಲ್ಲಿ ನನ್ನ ಕೋರಿಕೆ ಸಣ್ಣದು. ರುಜುವಿನ ಕಾಗದ ಕೊಂಡಾಗ ಅದು ಯಾವ ಮನೆಯ ಯಾವ ಕಟ್ಟಿನಿಂದ ಬಂತೆಂದು ಬರೆದಿಡಿ. ಕಟ್ಟನ್ನು ಒಡೆಯಬೇಡಿ, ಒಡೆಯಲೇಬೇಕಾದರೆ ಮೊದಲು ಎಲ್ಲ ಹಾಳೆಗಳ ಚಿತ್ರ ತೆಗೆಯಿರಿ, ಈಗ ಕಿಸೆಯ ಫೋನಿನಲ್ಲೇ ಅದು ಆಗುತ್ತದೆ. ಮೋಡಿ ಓದಬಲ್ಲವರು ಇನ್ನೂ ಕೆಲವರಿರುವಾಗಲೇ ನಡುವಿನ ಸಾಲುಗಳನ್ನು ಓದಿಸಿ, ಗಾಜಿನ ಪಕ್ಕದ ಚೀಟಿಯಲ್ಲಿ ಅರಸನ ಹೆಸರಿನ ಜೊತೆಗೆ ಊರಿನ ಹೆಸರು, ಎಲ್ಲೆಯ ಹೆಸರು, ಬರೆದವನ ಹೆಸರು ಹಾಕಿ. ಅರಸನಿಗೆ ಇದರಿಂದ ಕಳೆದುಹೋಗುವುದು ಏನೂ ಇಲ್ಲ. ಬೇಲಿಯ ಆಚೆ ನಿಂತು ಕಾವಲಿನ ಹುಲ್ಲು ನೋಡುವ ಕುರಿಗಾಹಿಗೆ ನಾಳೆ ಯಾರಾದರೂ ಕಾಗದ ಕೇಳಿದರೆ, ತೋರಿಸಲು ಒಂದು ಸಾಲಾದರೂ ಇದ್ದೀತು.