ಬಹುಕರ್ತೃಕ ವಿಶ್ವಕೋಶದ ಪ್ರಾಮಾಣ್ಯವಿಚಾರ

೧

ನಾನಾವಿಷಯಗಳನ್ನು ಒಂದೆಡೆ ಸಂಗ್ರಹಿಸಿ ಜಿಜ್ಞಾಸುಗಳಿಗೆ ಒದಗಿಸಬೇಕೆಂಬ ಪ್ರಯತ್ನವು ಕನ್ನಡನಾಡಿಗೆ ಹೊಸದಲ್ಲ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ರಚಿಸಿದನು. ನಿಜಗುಣ ಶಿವಯೋಗಿಗಳು ಕನ್ನಡದಲ್ಲಿ ವಿವೇಕಚಿಂತಾಮಣಿಯನ್ನು ಬರೆದರು. ಕೆಳದಿಯ ಬಸವಭೂಪಾಲನ ಶಿವತತ್ತ್ವರತ್ನಾಕರವೂ ಇದೇ ಜಾತಿಯ ಗ್ರಂಥ. ಕಳೆದ ಶತಮಾನದಲ್ಲಿ ಶಿವರಾಮ ಕಾರಂತರು ಬಾಲಪ್ರಪಂಚವನ್ನು ಸಿದ್ಧಗೊಳಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಅನೇಕ ವಿದ್ವಾಂಸರನ್ನು ಕೂಡಿಸಿ ೧೪ ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದಿತು. ಕಾಲ, ಭಾಷೆ, ಉದ್ದೇಶಗಳಲ್ಲಿ ಇವು ಭಿನ್ನವಾದರೂ ಇವೆಲ್ಲಕ್ಕೂ ಒಂದು ಸಮಾನಧರ್ಮವುಂಟು: ಮಾತು ಯಾರದು, ತಪ್ಪು ಕಂಡಲ್ಲಿ ಹೊಣೆ ಯಾರದು ಎಂಬುದು ಓದುವವನಿಗೆ ತಿಳಿದಿರುತ್ತದೆ.

ಅಂತರ್ಜಾಲದ ವಿಶ್ವಕೋಶವಾದ ವಿಕಿಪೀಡಿಯದಲ್ಲಿ ಈ ಧರ್ಮವೇ ಇಲ್ಲ. ೨೦೦೦ದಲ್ಲಿ ನ್ಯೂಪೀಡಿಯ ಎಂಬ ಹೆಸರಿನಿಂದ, ತಜ್ಞರು ಹಂತಹಂತವಾಗಿ ಪರೀಕ್ಷಿಸಿದ ಲೇಖನಗಳನ್ನು ಮಾತ್ರ ಪ್ರಕಟಿಸುವ ಒಂದು ಕಾರ್ಯವು ಆರಂಭವಾಗಿತ್ತು. ಅದು ಅತಿ ಮಂದವಾಗಿ ನಡೆಯಿತಾದಕಾರಣ, ಅದಕ್ಕೆ ಪೋಷಕವಾಗಲೆಂದು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬವರು ೨೦೦೧ರ ಜನವರಿಯಲ್ಲಿ ಯಾರು ಬೇಕಾದರೂ ಬರೆಯಬಹುದಾದ ವಿಕಿಪೀಡಿಯವನ್ನು ತೆರೆದರು. ಪೋಷಕವಾಗಿ ಹುಟ್ಟಿದುದು ಮೂಲವನ್ನೇ ನುಂಗಿತು. ಇಂದು ಅದರ ಆಂಗ್ಲರೂಪದಲ್ಲಿ ೬೦ ಲಕ್ಷಕ್ಕೂ ಮೀರಿದ ಲೇಖನಗಳಿವೆ. ೨೦೦೩ರಲ್ಲಿ ಆರಂಭವಾದ ಕನ್ನಡರೂಪದಲ್ಲಿ ೩೦,೦೦೦ಕ್ಕೂ ಮೇಲ್ಪಟ್ಟಿವೆ. ವಿದ್ಯಾರ್ಥಿಯ ಪ್ರಬಂಧಕ್ಕೂ ಪತ್ರಿಕೆಯ ಲೇಖನಕ್ಕೂ ಕೆಲವೊಮ್ಮೆ ಸಂಶೋಧಕನ ಗ್ರಂಥಕ್ಕೂ ಅದೇ ಆಕರವಾಗುತ್ತಿರುವುದರಿಂದ, ಅದರ ಮಾತಿಗೆ ಎಷ್ಟರ ಮಟ್ಟಿಗೆ ಪ್ರಾಮಾಣ್ಯವುಂಟೆಂಬುದನ್ನು ಶಾಸ್ತ್ರರೀತಿಯಿಂದ ವಿಚಾರಮಾಡುವುದು ಆವಶ್ಯಕವಾಗಿದೆ.

೨

ಈ ವಿಷಯದಲ್ಲಿ ಎರಡು ಪಕ್ಷಗಳು ಕೇಳಿಬರುತ್ತವೆ. ಅಧಿಕಾರವಿಲ್ಲದವರು ಬರೆದುದಾದ್ದರಿಂದ ಅದು ಸರ್ವಥಾ ತ್ಯಾಜ್ಯವೆಂಬುದು ಮೊದಲನೆಯದು. ಅಸಂಖ್ಯಾತ ಕಣ್ಣುಗಳು ನೋಡುತ್ತಿರುವುದರಿಂದ ಅದರಲ್ಲಿ ತಪ್ಪು ನಿಲ್ಲಲಾರದು, ಆದ್ದರಿಂದ ಗ್ರಾಹ್ಯವೆಂಬುದು ಎರಡನೆಯದು.

ಮೊದಲನೆಯ ಪಕ್ಷವು ಪಂಡಿತರಿಗೆ ಸಹಜವಾಗಿಯೇ ಪ್ರಿಯವಾದುದು. ಆದರೆ ನ್ಯಾಯಶಾಸ್ತ್ರವು ಅದಕ್ಕೆ ಬೆಂಬಲವಾಗಿಲ್ಲ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಹೇಳುವ ನೈಯಾಯಿಕರು, ವಿಷಯವನ್ನು ಸಾಕ್ಷಾತ್ತಾಗಿ ಅರಿತು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನನ್ನು ಆಪ್ತನೆನ್ನುತ್ತಾರೆ. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟಪಡಿಸಿದ್ದಾನೆ. ಆದ್ದರಿಂದ ಪದವಿಯಿಲ್ಲದವನು ಬರೆದನೆಂಬ ಕಾರಣಮಾತ್ರದಿಂದ ಒಂದು ವಾಕ್ಯವು ಅಪ್ರಮಾಣವಾಗಲಾರದು. ತನ್ನ ಊರಿನ ಕೆರೆಯ ವಿಷಯದಲ್ಲಿ ರೈತನು ಆಪ್ತನೇ ಸರಿ.

ಅನುಭವವೂ ಈ ಪಕ್ಷವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ೨೦೦೫ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯು ವಿಕಿಪೀಡಿಯ ಮತ್ತು ಬ್ರಿಟಾನಿಕ ವಿಶ್ವಕೋಶಗಳ ವಿಜ್ಞಾನಲೇಖನಗಳನ್ನು ಜೋಡಿಜೋಡಿಯಾಗಿ ತಜ್ಞರಿಂದ ಪರೀಕ್ಷಿಸಿ ಫಲವನ್ನು ಪ್ರಕಟಿಸಿತು. ಉಪಯೋಗಕ್ಕೆ ಬಂದ ೪೨ ಜೋಡಿಗಳಲ್ಲಿ ಗುರುತರವಾದ ದೋಷಗಳು ಎರಡರಲ್ಲಿಯೂ ನಾಲ್ಕು ನಾಲ್ಕು. ಸಣ್ಣ ದೋಷಗಳು ವಿಕಿಪೀಡಿಯದಲ್ಲಿ ೧೬೨, ಬ್ರಿಟಾನಿಕದಲ್ಲಿ ೧೨೩. ಬ್ರಿಟಾನಿಕದವರು ೨೦೦೬ರಲ್ಲಿ ಈ ಪರೀಕ್ಷೆಯ ಕ್ರಮವನ್ನೇ ಆಕ್ಷೇಪಿಸಿದರು. ಪತ್ರಿಕೆಯವರು ತಮ್ಮ ನಿರ್ಣಯವನ್ನು ಹಿಂದೆಗೆಯಲಿಲ್ಲ. ವಿವಾದವು ಹೇಗೇ ಇರಲಿ, ಒಂದು ಮಾತು ಸಿದ್ಧವಾಗುತ್ತದೆ: ಹೆಸರುಳ್ಳ ವಿದ್ವಾಂಸರ ಕೃತಿಯೂ ನಿರ್ದುಷ್ಟವಲ್ಲ, ಹೆಸರಿಲ್ಲದವರ ಕೃತಿಯೂ ಕೇವಲ ದುಷ್ಟವಲ್ಲ.

೩

ಇಷ್ಟರಿಂದಲೇ ಎರಡನೆಯ ಪಕ್ಷವು ಗೆದ್ದಿತೆಂದು ತಿಳಿಯಲಾಗದು. ನೇಚರ್ ಪತ್ರಿಕೆಯ ಪರೀಕ್ಷೆಯು ಆಂಗ್ಲಭಾಷೆಯ ವಿಜ್ಞಾನಲೇಖನಗಳಿಗೆ ಮಾತ್ರ ಸಂಬಂಧಿಸಿದುದು. ಅದನ್ನು ಎಲ್ಲ ವಿಷಯಗಳಿಗೂ ಎಲ್ಲ ಭಾಷೆಗಳಿಗೂ ಅತಿದೇಶಮಾಡುವುದು ಯುಕ್ತವಲ್ಲ. ಕಣ್ಣುಗಳು ಬಹಳವಾದರೆ ತಪ್ಪು ನಿಲ್ಲದೆಂಬ ನಿಯಮಕ್ಕೆ, ಆ ಕಣ್ಣುಗಳು ಅಲ್ಲಿ ವಸ್ತುತಃ ಇರಬೇಕೆಂಬುದೂ, ಇದ್ದ ಕಣ್ಣುಗಳಿಗೆ ವಿಷಯಜ್ಞಾನವಿರಬೇಕೆಂಬುದೂ ಉಪಾಧಿಗಳು.

ಉಪಾಧಿಯು ತಪ್ಪಿದಾಗ ಆಗುವ ಅನರ್ಥಕ್ಕೆ ಎರಡು ನಿದರ್ಶನಗಳು ಸಾಕು. ಅಮೆರಿಕದ ಪತ್ರಿಕಾಕರ್ತರಾಗಿದ್ದ ಜಾನ್ ಸೀಗೆಂತಾಲರ್ ಅವರನ್ನು ಕುರಿತ ಲೇಖನದಲ್ಲಿ, ಕೆನೆಡಿ ಸೋದರರ ಕೊಲೆಗಳ ವಿಷಯದಲ್ಲಿ ಅವರ ಮೇಲೆ ಶಂಕೆಯಿತ್ತೆಂಬ ಶುದ್ಧ ಸುಳ್ಳನ್ನು ೨೦೦೫ರ ಮೇ ತಿಂಗಳಲ್ಲಿ ಅನಾಮಧೇಯನೊಬ್ಬನು ಸೇರಿಸಿದನು. ಅದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ನಿಂತಿತ್ತು. ಎರಡನೆಯದು ಇದಕ್ಕಿಂತ ಗಂಭೀರವಾದುದು. ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆಯನ್ನರಿಯದ ಅಮೆರಿಕದ ತರುಣನೊಬ್ಬನು ವರ್ಷಾನುಗಟ್ಟಲೆ ಕುಳಿತು ಸಾವಿರಾರು ಲೇಖನಗಳನ್ನು ಬರೆದಿದ್ದನೆಂಬುದು ೨೦೨೦ರಲ್ಲಿ ಹೊರಬಿದ್ದಿತು. ಅವನಲ್ಲಿ ವಂಚನೆಯ ಬುದ್ಧಿಯಿರಲಿಲ್ಲ, ಸೇವೆಯ ಹಂಬಲವೇ ಇದ್ದಿತು. ಆದರೆ ಆಂಗ್ಲವಾಕ್ಯಗಳಿಗೆ ಪದಕ್ಕೆ ಪದವನ್ನು ಇಟ್ಟು ಬರೆದ ಆ ರಾಶಿಯು ಆ ಭಾಷೆಯ ಮುಖವೇ ಎಂಬಂತೆ ಜಗತ್ತಿಗೆ ತೋರುತ್ತಿದ್ದಿತು. ಹೇಳುವ ಇಚ್ಛೆಯಿದ್ದು ಅರಿವಿಲ್ಲದವನು ಆಪ್ತನಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

೪

ತಪ್ಪುಗಳಿರುವುದು ಎಲ್ಲ ಗ್ರಂಥಗಳಿಗೂ ಸಾಮಾನ್ಯ. ಆದರೆ ಈ ವಿಶ್ವಕೋಶದಲ್ಲಿ ಬೇಗನೆ ಹುಟ್ಟಿ ಹರಡುವ ದೋಷವೊಂದುಂಟು. ಅದು ತರ್ಕಶಾಸ್ತ್ರದಲ್ಲಿ ಹೇಳುವ ಅನ್ಯೋನ್ಯಾಶ್ರಯ.

೨೦೦೯ರ ಫೆಬ್ರುವರಿಯಲ್ಲಿ ಕಾರ್ಲ್-ಥಿಯೋಡೋರ್ ತ್ಸು ಗುಟೆನ್‌ಬರ್ಗ್ ಎಂಬವರು ಜರ್ಮನಿಯ ಆರ್ಥಿಕ ವ್ಯವಹಾರಗಳ ಮಂತ್ರಿಗಳಾಗಿ ನಿಯುಕ್ತರಾದರು. ಕುಲೀನ ಮನೆತನದ ಅವರ ಪೂರ್ಣನಾಮವು ಅನೇಕ ಹೆಸರುಗಳ ದೀರ್ಘಮಾಲೆ. ಆ ಮಾಲೆಯ ನಡುವೆ ಅವರದಲ್ಲದ 'ವಿಲ್ಹೆಲ್ಮ್' ಎಂಬ ಹೆಸರನ್ನು ಒಬ್ಬನು ವಿಕಿಪೀಡಿಯದಲ್ಲಿ ಪೋಣಿಸಿದನು. ಹಲವು ಪತ್ರಿಕೆಗಳು ಅಲ್ಲಿಂದ ಹೆಸರನ್ನು ಎತ್ತಿಕೊಂಡು ಅಚ್ಚುಹಾಕಿದವು. ಬಳಿಕ ವಿಕಿಪೀಡಿಯದವರಿಗೆ ಸಂಶಯವುಂಟಾಗಿ ಆಧಾರವೇನೆಂಬ ಪ್ರಶ್ನೆ ಎದ್ದಾಗ, ವಿಕಿಪೀಡಿಯದಿಂದಲೇ ನಕಲುಮಾಡಿದ ಪತ್ರಿಕಾಲೇಖನವನ್ನು ಆಧಾರವಾಗಿ ತೋರಿಸಲಾಯಿತು. ಕೋಶಕ್ಕೆ ಪತ್ರಿಕೆ ಸಾಕ್ಷಿ, ಪತ್ರಿಕೆಗೆ ಕೋಶ ಸಾಕ್ಷಿ. ಓದುಗನಿಗಾದರೋ ಎರಡು ಸಾಕ್ಷಿಗಳು ಕಾಣುತ್ತವೆ. ವಸ್ತುತಃ ಒಂದೂ ಇಲ್ಲ.

ಹೆಸರೊಂದು ಹೆಚ್ಚಾದರೆ ಹಾನಿಯೇನೆಂದು ಕೇಳಬಹುದು. ಕವಿಯ ಕಾಲ, ಶಾಸನದ ತೇದಿ, ಗ್ರಂಥದ ಕರ್ತೃತ್ವ ಇವುಗಳಲ್ಲಿಯೂ ಇದೇ ಚಕ್ರವು ತಿರುಗಬಲ್ಲದು. ಆಗ ಮುಂದಿನ ಸಂಶೋಧಕನು ದೋಷದ ಮೂಲವನ್ನು ಹುಡುಕಿಕೊಂಡು ಹೋದರೆ, ಪ್ರತಿ ಹೆಜ್ಜೆಯಲ್ಲಿಯೂ ಅದಕ್ಕೆ ಹೊಸ ಸಮರ್ಥನೆಯೇ ದೊರೆಯುತ್ತದೆ. ಈಚೆಗೆ ಪ್ರಶ್ನೆಗೆ ಉತ್ತರ ಹೇಳುವ ಯಂತ್ರಗಳು ಇದೇ ಕೋಶದಿಂದಲೂ ಕಲಿತು ಮಾತನಾಡುವುದರಿಂದ ಈ ಚಕ್ರದ ವೇಗವು ಹೆಚ್ಚಾಗಿದೆ.

೫

ಈ ಮೋಹಕ್ಕೆ ಕಾರಣವೇನೆಂದು ವಿಚಾರಿಸಿದರೆ ಒಂದು ಸೂಕ್ಷ್ಮವು ಗೋಚರವಾಗುತ್ತದೆ. ವೇದಕ್ಕೆ ಕರ್ತೃವಿಲ್ಲ, ಆದ್ದರಿಂದ ಕರ್ತೃವಿನ ಭ್ರಮಪ್ರಮಾದಗಳೂ ಅದಕ್ಕಿಲ್ಲವೆಂಬುದು ಮೀಮಾಂಸಕರ ಸಿದ್ಧಾಂತ. ವಿಕಿಪೀಡಿಯದ ಲೇಖನದಲ್ಲಿ ಕರ್ತೃಗಳು ಅನೇಕರಿದ್ದು ಯಾರೂ ಕಾಣಿಸದಿರುವುದರಿಂದ, ಓದುಗನು ತನಗರಿವಿಲ್ಲದೆಯೇ ಅದಕ್ಕೆ ಅಪೌರುಷೇಯವಾಕ್ಯದ ಮರ್ಯಾದೆಯನ್ನು ಕೊಟ್ಟುಬಿಡುತ್ತಾನೆ. ಆದರೆ ಅನೇಕಕರ್ತೃಕತ್ವವು ಅಪೌರುಷೇಯತ್ವವಲ್ಲ. ಕರ್ತೃಗಳು ಹೆಚ್ಚಿದಂತೆ ದೋಷದ ದ್ವಾರಗಳೂ ಹೆಚ್ಚುತ್ತವೆ.

ಹಾಗಾದರೆ ಈ ಕೃತಿಯ ನಿಜವಾದ ಸ್ವರೂಪವೇನು? ಅದರ ನಿಯಮಗಳೇ ಅದನ್ನು ಹೇಳುತ್ತವೆ. ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯಿಲ್ಲ. ಹೇಳಿದುದನ್ನು ಪ್ರಕಟವಾದ ಆಕರದಿಂದ ಪರಿಶೀಲಿಸಲು ಸಾಧ್ಯವಾಗಿರಬೇಕು. ಎಂದರೆ ಅದು ಸ್ವತಃ ಸಾಕ್ಷಿಯಲ್ಲ, ಸಾಕ್ಷಿಗಳಿರುವ ಮನೆಯ ಗುರುತು ಹೇಳುವ ಸೂಚಿ. ತನ್ನನ್ನು ಆಕರವಾಗಿ ಉದಾಹರಿಸಬಾರದೆಂದು ಅದೇ ಎಚ್ಚರಿಸುತ್ತದೆ. ಗ್ರಂಥವು ತಾನೇ ಕೇಳದ ಪ್ರಾಮಾಣ್ಯವನ್ನು ಓದುಗನು ಅದರ ಮೇಲೆ ಹೊರಿಸಿದರೆ ಅಪರಾಧವು ಓದುಗನದು.

ಅದರಲ್ಲಿ ಮುದ್ರಿತಗ್ರಂಥಗಳಿಗಿಲ್ಲದ ಗುಣವೊಂದುಂಟು. ಪ್ರತಿ ಲೇಖನಕ್ಕೂ ಒಂದು ಇತಿಹಾಸಪುಟವಿದ್ದು, ಯಾವ ವಾಕ್ಯವು ಎಂದು ಸೇರಿತು, ಯಾವ ಹೆಸರಿನಿಂದ ಸೇರಿತು, ಎಂದು ತೆಗೆಯಲ್ಪಟ್ಟಿತು ಎಂಬುದೆಲ್ಲವೂ ಅಲ್ಲಿ ದಾಖಲಾಗಿರುತ್ತದೆ. ಪಕ್ಕದ ಚರ್ಚೆಪುಟದಲ್ಲಿ ವಾದವಿವಾದಗಳು ಕಾಣುತ್ತವೆ. ಪುಣೆಯ ಭಂಡಾರಕರ್ ಸಂಶೋಧನಮಂದಿರದಲ್ಲಿ ಸುಕ್ಥಂಕರ್ ಮೊದಲಾದ ವಿದ್ವಾಂಸರು ಮಹಾಭಾರತದ ಪ್ರತಿಗಳನ್ನು ಹೋಲಿಸಿ ಪ್ರಕ್ಷೇಪಗಳನ್ನು ಬೇರ್ಪಡಿಸುವ ಕಾರ್ಯವು ೧೯೧೯ರಲ್ಲಿ ಆರಂಭವಾಗಿ ೧೯೬೬ರಲ್ಲಿ ಮುಗಿಯಿತು. ಅಲ್ಲಿ ಊಹೆಯಿಂದ ಸಾಧಿಸಬೇಕಾದ ಪಾಠಸ್ತರಗಳು ಇಲ್ಲಿ ತೇದಿಸಹಿತವಾಗಿ ತೆರೆದಿವೆ. ಓಲೆಗರಿಗಳನ್ನು ಓದಿ ಪಾಠಾಂತರಗಳನ್ನು ಗುರುತಿಸಬಲ್ಲವನಿಗೆ ಈ ಪುಟವನ್ನು ಓದುವುದು ಕಷ್ಟವಲ್ಲ. ಅದನ್ನು ತೆರೆದು ನೋಡದಿರುವುದೇ ಸೋಜಿಗ.

೬

ಕನ್ನಡದ ವಿಷಯದಲ್ಲಿ ಈ ವಿಚಾರಕ್ಕೆ ವಿಶೇಷ ಪ್ರಯೋಜನವುಂಟು. ಕನ್ನಡ ವಿಕಿಪೀಡಿಯವನ್ನು ತಿದ್ದುವ ಕೈಗಳು ಆಂಗ್ಲದಲ್ಲಿರುವಷ್ಟಿಲ್ಲ. ೨೦೧೦ರ ಆಸುಪಾಸಿನಲ್ಲಿ ಅನುವಾದೋಪಕರಣಗಳ ನೆರವಿನಿಂದ ಆಂಗ್ಲದ ದೀರ್ಘಲೇಖನಗಳು ಹೇರಳವಾಗಿ ಅದರೊಳಗೆ ಬಂದವು. ಕನ್ನಡದ ಜಾಯಮಾನಕ್ಕೆ ಒಗ್ಗದ ವಾಕ್ಯಗಳು ಅವುಗಳ ಜೊತೆಯಲ್ಲಿಯೇ ಬಂದವು. ಇನ್ನೊಂದು ಕಡೆ, ಮೈಸೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ತನ್ನ ವಿಶ್ವಕೋಶದ ಸಂಪುಟಗಳನ್ನು ಮುಕ್ತಬಳಕೆಗೆ ಬಿಟ್ಟುಕೊಟ್ಟುದರಿಂದ, ವಿದ್ವಾಂಸರು ಸಂಪಾದಿಸಿದ ಸಾಮಗ್ರಿಯೂ ಆ ಕೋಶಕ್ಕೆ ದೊರಕಿತು. ಹೀಗೆ ಒಂದೇ ಚಾವಡಿಯಲ್ಲಿ ಪಂಡಿತನೂ ಯಂತ್ರವೂ ಉತ್ಸಾಹಿ ಬಾಲಕನೂ ಒಟ್ಟಿಗೆ ಕುಳಿತಿದ್ದಾರೆ; ಹೊರಗಿನಿಂದ ನೋಡುವವನಿಗೆ ಮೂವರದೂ ಒಂದೇ ದನಿಯಾಗಿ ಕೇಳುತ್ತದೆ.

ಆದಕಾರಣ ಅಧ್ಯಾಪಕರು ಈ ಕೋಶವನ್ನು ನಿಷೇಧಿಸುವುದರಿಂದ ಫಲವಿಲ್ಲ. ವಿದ್ಯಾರ್ಥಿಯು ಮರೆಯಲ್ಲಿ ಓದಿಯೇ ಓದುತ್ತಾನೆ. ಲೇಖನದ ಅಡಿಟಿಪ್ಪಣಿಯನ್ನು ಹಿಡಿದು ಮೂಲಗ್ರಂಥದವರೆಗೆ ಹೋಗುವುದು, ಆ ಗ್ರಂಥವು ವಿಕಿಪೀಡಿಯದ ವಾಕ್ಯಕ್ಕಿಂತ ಹಿಂದಿನದೇ ಎಂದು ತೇದಿಯನ್ನು ಹೋಲಿಸುವುದು, ಟಿಪ್ಪಣಿಯಿಲ್ಲದ ವಾಕ್ಯವನ್ನು ಸಾಧ್ಯವೆಂದು ಮಾತ್ರ ಎಣಿಸಿ ಸಿದ್ಧವೆಂದು ಎಣಿಸದಿರುವುದು, ಈ ಮೂರನ್ನು ತರಗತಿಯಲ್ಲಿ ಅಭ್ಯಾಸಮಾಡಿಸಿದರೆ ಗ್ರಂಥಪರೀಕ್ಷಣದ ಪ್ರಥಮಪಾಠವೇ ಆದಂತಾಗುತ್ತದೆ.

ವಿದ್ವಾಂಸರ ಹೊಣೆಯಾದರೋ ಇಷ್ಟಕ್ಕೇ ಮುಗಿಯುವುದಿಲ್ಲ. ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡಿಕೊಳ್ಳುತ್ತಿದ್ದರು. ಬಲ್ಲವರು ತಿದ್ದಿದ ಪ್ರತಿಗಳಿಂದಲೇ ಶುದ್ಧಪಾಠಗಳು ಉಳಿದುಬಂದವು. ಇಂದು ಅದೇ ಪ್ರಾರ್ಥನೆಯು ಈ ಕೋಶದ ಪ್ರತಿ ಪುಟದಲ್ಲಿಯೂ 'ಸಂಪಾದಿಸಿ' ಎಂಬ ಒಂದು ಪದವಾಗಿ ನಿಂತಿದೆ. ದೋಷವನ್ನು ಕಂಡು ನಕ್ಕು ಸುಮ್ಮನಾಗುವ ಪಂಡಿತನು ಆ ದೋಷವನ್ನು ಬರೆದವನಿಗಿಂತ ಹೆಚ್ಚು ನಿರ್ದೋಷಿಯೆಂದು ಹೇಳಲು ಶಾಸ್ತ್ರದಲ್ಲಿ ಆಧಾರವು ಕಾಣುವುದಿಲ್ಲ.