ಹೊರಗೆ ಉರ್ದು ಬೋರ್ಡು, ಕಿಸೆಯಲ್ಲಿ ನಾವಿಕನ ಕಾಗದ

ಈ ವಾರ ಹಾಥಾರ್ನನ ‘ದಿ ಸ್ಕಾರ್ಲೆಟ್ ಲೆಟರ್’ ಎಂದು ಹೇಳಿದ್ದೆ. ಹೆಸ್ಟರ್ ಪ್ರಿನ್‌ಳ ಎದೆಯ ಮೇಲೆ ಊರು ಒಂದು ಅಕ್ಷರವನ್ನು ಹೇರಿತು, ಆಕೆ ಆ ಅಕ್ಷರದ ಅರ್ಥವನ್ನೇ ತಿರುಗಿಸಿದಳು ಎಂಬಲ್ಲಿಂದ ಶುರುಮಾಡಬೇಕೆಂದಿದ್ದೆ. ಆದರೆ ಊರು ಹೇರಿದ ಅಕ್ಷರಕ್ಕಿಂತ ಯಜಮಾನ ಕಲಿಯಗೊಡದ ಅಕ್ಷರದ ಕತೆ ನಮ್ಮ ಬೀದರ್ ಸೀಮೆಗೆ ಹೆಚ್ಚು ಹತ್ತಿರ. ಹಾಗಾಗಿ ಹಾಥಾರ್ನ್ ಕಾಯಲಿ, ಫ್ರೆಡರಿಕ್ ಡಗ್ಲಾಸ್ ಬರಲಿ.

ಮೇರಿಲ್ಯಾಂಡಿನ ಗುಲಾಮ ಹುಡುಗ ಬಾಲ್ಟಿಮೋರಿನ ಮನೆಯೊಂದಕ್ಕೆ ಬಂದದ್ದು, ಮನೆಯೊಡತಿ ಸೋಫಿಯಾ ಆಲ್ಡ್ ಅವನಿಗೆ ಅಕ್ಷರ ಕಲಿಸತೊಡಗಿದ್ದು, ಆಕೆಯ ಗಂಡ ಹ್ಯೂ ಆಲ್ಡ್ ಅದನ್ನು ನಿಲ್ಲಿಸಿದ್ದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಮಾತು. ಓದು ಬಂದರೆ ಇವನು ಗುಲಾಮನಾಗಿ ಉಳಿಯಲಾರ ಎಂದು ಯಜಮಾನ ಹೆಂಡತಿಗೆ ಹೇಳಿದ್ದನ್ನು ಹುಡುಗ ಕೇಳಿಸಿಕೊಂಡ. ಬಿಡುಗಡೆಯ ದಾರಿಯನ್ನು ಯಜಮಾನನ ಬಾಯಿಂದಲೇ ತಿಳಿದ. ಓದು ಕಲಿತದ್ದಕ್ಕೆ ಒಡತಿಯ ಪ್ರೀತಿಗೆ ಎಷ್ಟು ಋಣಿಯೋ ಯಜಮಾನನ ವಿರೋಧಕ್ಕೂ ಹೆಚ್ಚುಕಡಿಮೆ ಅಷ್ಟೇ ಋಣಿ ಎಂದು ಆತ ಮುಂದೆ ಬರೆದ. ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ ಗುರುತಿಗೆಂದು ಬರೆದ ಅಕ್ಷರಗಳನ್ನು ನೋಡಿ ತಿದ್ದಿದ. ಹಸಿದ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಪಾಠ ಹೇಳಿಸಿಕೊಂಡ. ಆ ಹುಡುಗರ ಹೆಸರನ್ನು ಮಾತ್ರ ಆತ್ಮಕಥೆಯಲ್ಲಿ ಹೇಳಲಿಲ್ಲ. ಹೇಳಿದರೆ ಅವರು ತೊಂದರೆಗೆ ಸಿಕ್ಕುತ್ತಿದ್ದರು.

ಆ ಪುಸ್ತಕದಲ್ಲಿ ಇಂಥ ಮೌನಗಳು ಇನ್ನೂ ಇವೆ. 1838ರ ಸೆಪ್ಟೆಂಬರ್ 3ರಂದು ಡಗ್ಲಾಸ್ ತಪ್ಪಿಸಿಕೊಂಡು ನ್ಯೂಯಾರ್ಕ್ ಕಡೆಗೆ ಹೊರಟ. 1845ರ ಪುಸ್ತಕದಲ್ಲಿ ಹೇಗೆ ಹೋದೆನೆಂದು ಹೇಳಲಿಲ್ಲ. ತನ್ನ ಹಿಂದೆ ಬರುವವರಿಗೆ ಆ ದಾರಿ ಮುಚ್ಚಿಹೋಗಬಾರದು ಎಂಬುದೇ ಕಾರಣ. ಗುಲಾಮಗಿರಿ ಅಳಿದ ಮೇಲೆ, 1881ರಲ್ಲಿ, ಕತೆ ಹೊರಬಂತು. ನಾವಿಕನ ವೇಷ ತೊಟ್ಟು, ಸ್ವತಂತ್ರ ಕಪ್ಪು ನಾವಿಕನೊಬ್ಬನ ಗುರುತಿನ ಕಾಗದವನ್ನು ಕಡ ತಂದು ರೈಲು ಹತ್ತಿದ್ದ. ಕಾಗದದಲ್ಲಿದ್ದ ಚಹರೆ ಇವನದಲ್ಲ, ಅದರಲ್ಲಿನ ಮನುಷ್ಯ ಇವನಿಗಿಂತ ಹೆಚ್ಚು ಕಪ್ಪು. ಆದರೆ ಮೇಲ್ಗಡೆ ಅಮೆರಿಕದ ಹದ್ದಿನ ಮುದ್ರೆ ಇತ್ತು. ಕಂಡಕ್ಟರ್ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋದ. ಗುಲಾಮಗಿರಿಯನ್ನು ಕಾಯುತ್ತಿದ್ದ ಸರ್ಕಾರದ ಮುದ್ರೆಯೇ ಒಬ್ಬ ಗುಲಾಮನನ್ನು ದಾಟಿಸಿತು.

ಇಲ್ಲಿಗೆ ಬಂದಾಗಲೆಲ್ಲ ನನಗೆ ಕಮಲನಗರ ನೆನಪಾಗುತ್ತದೆ. ಈಗ ಅದೇ ಒಂದು ತಾಲ್ಲೂಕು, ಮೊದಲು ಔರಾದ್ ತಾಲ್ಲೂಕಿನಲ್ಲಿತ್ತು. 1890ರಲ್ಲಿ ಅಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠದ ಪಟ್ಟಕ್ಕೆ ಬಂದು, ನೂರು ದಾಟಿ 1999ರವರೆಗೆ ಬಾಳಿದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಮಾಡಿದ ಕೆಲಸವನ್ನು ನಮ್ಮ ಕಡೆ ಮನೆಮನೆಯಲ್ಲೂ ಹೇಳುತ್ತಾರೆ. ಸಾಲಿಯ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಖಾಸಗಿ ಸಾಲಿ ತೆರೆಯಲು ಸರ್ಕಾರದ ಅಪ್ಪಣೆ ಬೇಕಿದ್ದ ಕಾಲ ಅದು. ಕಚೇರಿ, ಕೋರ್ಟು, ನೌಕರಿ ಎಲ್ಲವೂ ಉರ್ದುವಿನಲ್ಲಿ. ಅಪ್ಪಾವರು ಆ ಬೋರ್ಡನ್ನು ಕಿತ್ತೊಗೆಯಲಿಲ್ಲ. ಅದರ ನೆರಳಲ್ಲಿ ಮಕ್ಕಳನ್ನು ಕೂಡಿಸಿಕೊಂಡರು.

ಬೀದರಿನವರಿಗೆ ಉರ್ದು ಹಗೆಯಲ್ಲ, ಅದು ನಮ್ಮ ಓಣಿಯ ಮಾತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಉನ್ನತ ಶಿಕ್ಷಣ ಕೊಡಲು ಹೊರಟದ್ದು ದೇಶವೇ ತಿರುಗಿ ನೋಡಬೇಕಾದ ಸಾಹಸ. ಒಂದು ದೇಶಭಾಷೆಗೆ ಅಷ್ಟು ದೊಡ್ಡ ಗೌರವ ಕೊಟ್ಟ ಅದೇ ರಾಜ್ಯದಲ್ಲಿ ಕನ್ನಡದ ಕೂಸಿಗೆ ತನ್ನ ಅಕ್ಷರ ಕಲಿಯಲು ಮರೆ ಬೇಕಾಯಿತು. ಹಿಡಿತ ಇರುವುದು ಭಾಷೆಯಲ್ಲಲ್ಲ, ಯಾರು ಯಾವುದನ್ನು ಓದಬಹುದು ಎಂದು ಇನ್ನೊಬ್ಬರು ತೀರ್ಮಾನಿಸುವುದರಲ್ಲಿ. ಈ ಮಾತು ಇವತ್ತಿನ ನಮಗೂ ಸೇರಿದ್ದು. ಔರಾದಿನ ಗಡಿಹಳ್ಳಿಗಳಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳಿದ್ದಾರೆ. ಅವರ ಓದಿನ ಹಕ್ಕಿನ ಬಗ್ಗೆ ಉರ್ದು ಬೋರ್ಡಿನ ಮರೆಯಲ್ಲಿ ಕಲಿತವರ ಮೊಮ್ಮಕ್ಕಳಾದ ನಾವು ಎಲ್ಲರಿಗಿಂತ ಮೊದಲು ಮಾತಾಡಬೇಕು.

ಇನ್ನು ನನ್ನ ಹಳೆಯ ಜಗಳ. ನಮ್ಮಲ್ಲಿ ನವ್ಯದ ಕಾಲದಿಂದ ಒಂದು ಓದು ಬೇರುಬಿಟ್ಟಿದೆ: ಮನೆ, ಜಾತಿ, ಊರು ಎಲ್ಲವನ್ನೂ ಕಳಚಿ ಒಬ್ಬನೇ ನಿಂತವನು ಮಾತ್ರ ಸ್ವತಂತ್ರ, ಒಳಗಿದ್ದದ್ದನ್ನು ಬಹಿರಂಗವಾಗಿ ಸಾರಿದವನಿಗೆ ಮಾತ್ರ ತನ್ನತನ. ಆ ಕನ್ನಡಕದಲ್ಲಿ ಅಮೆರಿಕದ ಸಾಹಿತ್ಯವನ್ನು ನೋಡಿದರೆ ಎಮರ್ಸನ್ ಮತ್ತು ಥೋರೋ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಮ್ಮ ಎಷ್ಟೋ ಪಾಠಪಟ್ಟಿಗಳಲ್ಲಿ ಕೂತದ್ದೂ ಹಾಗೆಯೇ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1845ರ ಮೇ ತಿಂಗಳಲ್ಲಿ ಡಗ್ಲಾಸನ ಪುಸ್ತಕ ಬಾಸ್ಟನ್ನಿನಲ್ಲಿ ಹೊರಬಂತು. ಜುಲೈ 4ರಂದು ಥೋರೋ ವಾಲ್ಡನ್ ಕೊಳದ ದಂಡೆಯ ಗುಡಿಸಲಿಗೆ ವಾಸಕ್ಕೆ ಹೋದ, ಆ ಜಾಗ ಗೆಳೆಯ ಎಮರ್ಸನ್ನನದು. ಆಗಸ್ಟಿನಲ್ಲಿ ಡಗ್ಲಾಸ್ ಹಡಗು ಹತ್ತಿ ಬ್ರಿಟನ್ನಿಗೆ ಹೋಗಬೇಕಾಯಿತು. ತಾನು ಯಾರೆಂದು ಅಚ್ಚಿನಲ್ಲಿ ಸಾರಿದ್ದರಿಂದ ಅವನನ್ನು ಹಿಡಿದೊಯ್ಯುವುದು ಯಜಮಾನನಿಗೆ ಸುಲಭವಾಗಿತ್ತು. ಮರುವರ್ಷ ಅಲ್ಲಿನ ಗೆಳೆಯರು ಹಣ ಕೂಡಿಸಿ ಕೊಟ್ಟ ಮೇಲಷ್ಟೇ ಕಾನೂನಿನ ಪ್ರಕಾರ ಬಿಡುಗಡೆ ಸಿಕ್ಕಿತು. ಥೋರೋನನ್ನು ನಾನು ಕಿರಿದು ಮಾಡುತ್ತಿಲ್ಲ. ಅವನ ಮನೆಯವರು ಓಡಿಬಂದ ಗುಲಾಮರಿಗೆ ನೆರವಾದವರು, ಅವನೂ ತೆರಿಗೆ ಕೊಡದೆ ಒಂದು ರಾತ್ರಿ ಜೈಲಿನಲ್ಲಿದ್ದವನು. ಆದರೆ ಕೊಳದ ದಂಡೆಯಲ್ಲಿ ಅವನ ಗುರುತಿನ ಕಾಗದವನ್ನು ಯಾರೂ ಕೇಳಲಿಲ್ಲ. ಕೇಳುವವರು ಬಾಗಿಲಲ್ಲೇ ನಿಂತಿರುವ ಕಡೆ ಮುಚ್ಚಿಟ್ಟುಕೊಳ್ಳುವುದು ಹೇಡಿತನವಲ್ಲ, ಅಪ್ರಾಮಾಣಿಕತೆಯಂತೂ ಅಲ್ಲವೇ ಅಲ್ಲ.

ಡಗ್ಲಾಸ್ ಒಂಟಿಯಾಗಿ ಸ್ವತಂತ್ರನಾದವನೂ ಅಲ್ಲ. ಡಗ್ಲಾಸ್ ಎಂಬ ಹೆಸರನ್ನೇ ನ್ಯೂ ಬೆಡ್‌ಫರ್ಡಿನಲ್ಲಿ ಆಶ್ರಯ ಕೊಟ್ಟ ನೇಥನ್ ಜಾನ್ಸನ್ ಸೂಚಿಸಿದ್ದ, ವಾಲ್ಟರ್ ಸ್ಕಾಟನ ಕಾವ್ಯವೊಂದನ್ನು ಓದುತ್ತಿದ್ದಾಗ. ಓಡಿಹೋಗುವುದಕ್ಕೂ ಮೊದಲು ಸೇಂಟ್ ಮೈಕಲ್ಸಿನಲ್ಲಿ ಅವನೂ ಸೇರಿ ನಡೆಸಿದ ಭಾನುವಾರದ ಶಾಲೆಗೆ ಊರಿನ ಧರ್ಮಮುಖಂಡರೇ ಕೋಲು ಹಿಡಿದು ನುಗ್ಗಿ ಮುಚ್ಚಿಸಿದ್ದರು. ಆಮೇಲೆ ಫ್ರೀಲ್ಯಾಂಡ್ ಎಂಬವನ ಹೊಲದಲ್ಲಿ ದುಡಿಯುವಾಗ ಗುಟ್ಟಾಗಿ ಮತ್ತೆ ಶಾಲೆ ಕಟ್ಟಿದ. ಒಮ್ಮೆ ನಲವತ್ತಕ್ಕೂ ಹೆಚ್ಚು ಮಂದಿ ಇದ್ದರಂತೆ, ಬಹುಪಾಲು ದೊಡ್ಡವರು, ಸಿಕ್ಕಿಬಿದ್ದರೆ ಚಾಟಿಯೇಟು ಖಚಿತವೆಂದು ಗೊತ್ತಿದ್ದೂ ಬಂದವರು. ಭಾನುವಾರ ಕುಡಿದು ಕುಸ್ತಿ ಆಡಿದರೆ ಒಡೆಯರಿಗೆ ಸಂತೋಷ, ಬೈಬಲ್ ಓದಲು ಕಲಿತರೆ ಸಿಟ್ಟು. ಪಾಠಕ್ಕೆ ಮನೆ ಕೊಟ್ಟ ಸ್ವತಂತ್ರ ಕಪ್ಪು ಮನುಷ್ಯನ ಹೆಸರನ್ನೂ ಡಗ್ಲಾಸ್ ಹೇಳಲಿಲ್ಲ.

ಈ ಗುಟ್ಟಿನ ಶಾಲೆಯ ಕತೆ ಇರುವುದು ಆತ್ಮಕಥೆಯ ಹತ್ತನೆಯ ಅಧ್ಯಾಯದಲ್ಲಿ. ಅದು ಉದ್ದದ ಅಧ್ಯಾಯ. ಗುಲಾಮರನ್ನು ಪಳಗಿಸುವ ಕೋವಿ ಎಂಬವನ ಜೊತೆಗಿನ ಕೈಕೈ ಹೊಡೆದಾಟ ಮುಗಿದ ಕೂಡಲೇ ಬಹಳ ಜನ ಪುಸ್ತಕ ಮುಚ್ಚುತ್ತಾರೆ, ಸಂಕಲನಕಾರರೂ ಅಲ್ಲಿಗೇ ಕತ್ತರಿ ಹಾಕುತ್ತಾರೆ. ಅಲ್ಲಿ ನಿಲ್ಲಬೇಡಿ. ಫ್ರೀಲ್ಯಾಂಡನ ಹೊಲದ ಶಾಲೆಯ ತನಕ ಓದಿ, ಕಮಲನಗರದ ಕಡೆಯ ಹಿರಿಯರು ಯಾರಾದರೂ ಮನೆಯಲ್ಲಿದ್ದರೆ ಅವರಿಗೂ ಓದಿ ಹೇಳಿ.